ಧಾರಕನಿಗೆ ಕೊಟ್ಟ ವಚನ

ಮಾತನ್ನು ಆರಂಭಿಸುವ ಮುನ್ನ ನಿಮ್ಮಲ್ಲಿ ಒಂದು ಸಣ್ಣ ಬಿನ್ನಹವುಂಟು. ನೂರು ರೂಪಾಯಿಯ ನೋಟೊಂದು ಹತ್ತಿರದಲ್ಲಿದ್ದರೆ ದಯವಿಟ್ಟು ಅದನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿಯಿರಿ. ದಿನಕ್ಕೆ ಹತ್ತಾರು ಸಲ ನಮ್ಮ ಬೆರಳುಗಳ ನಡುವೆ ಹಾದುಹೋಗುವ ಈ ಕಾಗದವನ್ನು ಎಣಿಸುವವರು ಬಹಳ ಮಂದಿ, ಓದುವವರು ವಿರಳ. ಅದರ ಹಿಂಬದಿಯ ಪಟ್ಟಿಕೆಯಲ್ಲಿ ಹದಿನೈದು ಭಾಷೆಗಳಲ್ಲಿ ಅದರ ಮೊತ್ತವನ್ನು ಅಚ್ಚಿಸಿದೆ. ಮೇಲಿನಿಂದ ನಾಲ್ಕನೆಯ ಸಾಲು ನಮ್ಮ ಕನ್ನಡದ್ದು. ಮುಂಬದಿಯಲ್ಲಿ ಕೇಂದ್ರ ಸರ್ಕಾರದ ಖಾತರಿಯ ಮಾತಿದೆ. ಅದರೊಡನೆ, ಈ ನೋಟಿನ ಧಾರಕನಿಗೆ ನೂರು ರೂಪಾಯಿಗಳನ್ನು ಸಲ್ಲಿಸುವೆನೆಂಬ ವಚನವೂ ಆ ವಚನದ ಕೆಳಗೆ ರಿಸರ್ವ್ ಬ್ಯಾಂಕಿನ ಗವರ್ನರರ ಸಹಿಯೂ ಇವೆ. ಈ ವಾಕ್ಯದಲ್ಲಿರುವ ‘ಧಾರಕ’ ಎಂಬ ಪದವನ್ನು ದಯವಿಟ್ಟು ನೆನಪಿನಲ್ಲಿಡಿ. ಈ ಹೊತ್ತು ನಾನು ಹೇಳಬೇಕೆಂದಿರುವುದೆಲ್ಲವೂ ಆ ಒಂದು ಪದದ ಸುತ್ತ ನಿಂತಿದೆ.

ಈಚಿನ ವರ್ಷಗಳಲ್ಲಿ ವೃತ್ತಪತ್ರಿಕೆಗಳ ವಾಣಿಜ್ಯಪುಟಗಳಲ್ಲಿ ಸ್ಟೇಬಲ್‌ಕಾಯಿನ್ ಎಂಬ ಹೆಸರು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿರುವುದನ್ನು ತಾವು ಗಮನಿಸಿರಬಹುದು. ಅದನ್ನು ನಾವು ಸ್ಥಿರನಾಣ್ಯವೆಂದು ಕರೆಯೋಣ. ಕಂಪ್ಯೂಟರುಗಳ ಜಾಲದಲ್ಲಿ ಮಾತ್ರ ಇರುವ, ಕೈಯಿಂದ ಮುಟ್ಟಲಾಗದ, ಆದರೆ ಒಂದು ಡಾಲರಿಗೆ ಸದಾ ಸಮನಾಗಿರುವೆನೆಂದು ಹೇಳಿಕೊಳ್ಳುವ ನಾಣ್ಯವಿದು. 2025ರ ಕೊನೆಯ ವೇಳೆಗೆ ಪ್ರಪಂಚದಲ್ಲಿ ಚಲಾವಣೆಯಲ್ಲಿದ್ದ ಇಂತಹ ನಾಣ್ಯಗಳ ಒಟ್ಟು ಮೊತ್ತ ಸುಮಾರು 30,000 ಕೋಟಿ ಡಾಲರುಗಳನ್ನು ಮುಟ್ಟಿತ್ತು. ಇಷ್ಟು ದೊಡ್ಡ ಮೊತ್ತ ಯಾವ ದೇಶದ ಟಂಕಸಾಲೆಯಿಂದಲೂ ಹೊರಬಂದುದಲ್ಲ. ಖಾಸಗಿ ಕಂಪನಿಗಳು ಹೊರಡಿಸಿದುದು. ಆದುದರಿಂದ ಈ ನಾಣ್ಯಕ್ಕೂ ನಮ್ಮ ಕೈಯಲ್ಲಿರುವ ಈ ನೋಟಿಗೂ ಇರುವ ಅಂತರವೇನೆಂಬುದನ್ನು, ಹಣವಿಲ್ಲದೆ ದಿನ ಕಳೆಯಲಾಗದ ನಾವೆಲ್ಲರೂ, ಅರ್ಥಶಾಸ್ತ್ರದ ಪಂಡಿತರಿಗೇ ಬಿಟ್ಟುಬಿಡದೆ, ನಾವೇ ತಿಳಿದುಕೊಳ್ಳಬೇಕಾಗಿದೆ.

ಹಣವೆಂಬ ಶಬ್ದವೇ ನಮ್ಮ ನಾಡಿನಲ್ಲಿ ಮೊದಲು ಒಂದು ನಾಣ್ಯದ ಹೆಸರಾಗಿತ್ತು. ಹದಿನೇಳನೆಯ ಶತಮಾನದಲ್ಲಿ ಶ್ರೀರಂಗಪಟ್ಟಣದಿಂದ ಆಳಿದ ಕಂಠೀರವ ನರಸರಾಜ ಒಡೆಯರು ಹೊರಡಿಸಿದ ಕಂಠೀರಾಯ ಹಣವೆಂಬುದು ಕಿರುಬೆರಳಿನ ಉಗುರಿಗಿಂತಲೂ ಚಿಕ್ಕದಾದ ಚಿನ್ನದ ಬಿಲ್ಲೆ. ಅಂತಹ ನಾಣ್ಯದ ಬೆಲೆ ಬಹುಮಟ್ಟಿಗೆ ಅದರ ಒಡಲಿನಲ್ಲಿಯೇ ಇತ್ತು. ಚಿನಿವಾರನು ಅದನ್ನು ತಕ್ಕಡಿಯಲ್ಲಿ ತೂಗಿ, ಒರೆಗಲ್ಲಿಗೆ ಹಚ್ಚಿ, ಸವೆದಿದ್ದರೆ ಅಷ್ಟು ವಟ್ಟವನ್ನು ಮುರಿದುಕೊಂಡು ಲೆಕ್ಕ ಹಾಕುತ್ತಿದ್ದನು. ಅರಸನ ಮುದ್ರೆ ಚಿನ್ನದ ಶುದ್ಧಿಗೆ ಸಾಕ್ಷಿಯಾಗಿತ್ತೇ ಹೊರತು ಚಿನ್ನಕ್ಕೆ ಬದಲಾಗಿರಲಿಲ್ಲ. ಕಾಗದದ ನೋಟು ಬಂದ ಮೇಲೆ ಈ ವ್ಯವಸ್ಥೆ ತಲೆಕೆಳಗಾಯಿತು. ಒಡಲಿನಲ್ಲಿ ಬೆಲೆಯಿಲ್ಲದ ವಸ್ತುವೊಂದು ಕೇವಲ ಮಾತಿನ ಬಲದಿಂದ ನಡೆಯತೊಡಗಿತು. ಅಂದಿನಿಂದ, ಆ ಮಾತನ್ನು ಆಡಿದವರು ಯಾರು ಎಂಬುದೇ ಹಣದ ವಿಷಯದಲ್ಲಿ ಮುಖ್ಯವಾದ ಪ್ರಶ್ನೆಯಾಯಿತು.

ನಮ್ಮ ದೇಶದಲ್ಲಿಯೂ ಈ ಮಾತನ್ನು ಮೊದಲು ಆಡಿದವು ಬ್ಯಾಂಕುಗಳೇ. ಬಂಗಾಳ, ಮುಂಬಯಿ, ಮದರಾಸುಗಳ ಪ್ರೆಸಿಡೆನ್ಸಿ ಬ್ಯಾಂಕುಗಳು ತಂತಮ್ಮ ಹೆಸರಿನ ನೋಟುಗಳನ್ನು ಹೊರಡಿಸುತ್ತಿದ್ದವು. 1861ರ ಕಾಗದದ ಹಣದ ಕಾಯಿದೆಯಿಂದ ಆ ಅಧಿಕಾರ ಸರ್ಕಾರಕ್ಕೆ ಸೇರಿತು. 1935ರ ಏಪ್ರಿಲ್ ಒಂದರಂದು ರಿಸರ್ವ್ ಬ್ಯಾಂಕು ಸ್ಥಾಪಿತವಾದ ಮೇಲೆ ಅದು ಆ ಬ್ಯಾಂಕಿಗೆ ಬಂದಿತು. ಇಂದು ಅದರ ನೋಟುಗಳು ಅಚ್ಚಾಗುವ ಮುದ್ರಣಾಲಯಗಳಲ್ಲಿ ಒಂದು ನಮ್ಮ ಮೈಸೂರಿನಲ್ಲಿಯೇ ಇದೆ. ನೋಟಿನ ಕಾಗದವನ್ನು ತಯಾರಿಸುವ ಕಾರ್ಖಾನೆಯೂ ಅಲ್ಲಿಯೇ ಉಂಟು.

ಈಗ ಒಂದು ಆಕ್ಷೇಪ ಏಳುವುದು ಸಹಜ. ನೂರು ರೂಪಾಯಿಯ ನೋಟನ್ನು ಹಿಡಿದು ರಿಸರ್ವ್ ಬ್ಯಾಂಕಿಗೆ ಹೋಗಿ ವಚನವನ್ನು ನಡೆಸಿಕೊಡಿರೆಂದು ಕೇಳಿದರೆ ಅವರು ಕೊಡುವುದು ಮತ್ತೊಂದು ನೋಟು, ಇಲ್ಲವೆ ನೂರು ರೂಪಾಯಿಯ ಚಿಲ್ಲರೆ; ಚಿನ್ನವನ್ನಲ್ಲ. ಹಾಗಿರುವಲ್ಲಿ ಆ ವಚನಕ್ಕೆ ಅರ್ಥವೇನು? ಅರ್ಥವುಂಟು, ಆದರೆ ಅದು ಪೆಟ್ಟಿಗೆಯಲ್ಲಿಲ್ಲ, ಪ್ರಜಾಜೀವನದಲ್ಲಿದೆ. ಈ ನೋಟನ್ನು ಸಾಲದ ಸಲುವಳಿಯಾಗಿ ಸ್ವೀಕರಿಸತಕ್ಕದ್ದೆಂದು ಕಾನೂನು ವಿಧಿಸುತ್ತದೆ. ಸರ್ಕಾರವು ತನಗೆ ಬರಬೇಕಾದ ತೆರಿಗೆಯನ್ನು ರೂಪಾಯಿಯಲ್ಲಿಯೇ ಎತ್ತುತ್ತದೆ. ನ್ಯಾಯಾಲಯಗಳು ಡಿಕ್ರಿ ಬರೆಯುವುದು ರೂಪಾಯಿಯಲ್ಲಿ. ಸಂಬಳ, ಕೂಲಿ, ಕಂದಾಯ, ಪಿಂಚಣಿಗಳೆಲ್ಲ ಸಲ್ಲುವುದು ಅದರಲ್ಲಿಯೇ. ಚಿನ್ನವನ್ನೂ ವಿದೇಶೀ ಸೆಕ್ಯುರಿಟಿಗಳನ್ನೂ ಕೂಡಿಸಿ ಕನಿಷ್ಠ 200 ಕೋಟಿ ರೂಪಾಯಿಗಳ ಮೀಸಲನ್ನು, ಅದರಲ್ಲಿ 115 ಕೋಟಿಯಷ್ಟಾದರೂ ಚಿನ್ನದ ರೂಪದಲ್ಲಿ, ನೋಟುಗಳ ಹಿಂದೆ ಇಟ್ಟಿರಬೇಕೆಂಬ ನಿಯಮವೂ ಇದೆ. ಆದರೆ ಚಲಾವಣೆಯಲ್ಲಿರುವ ಲಕ್ಷಾಂತರ ಕೋಟಿ ರೂಪಾಯಿಗಳೆದುರು ಆ ಚಿನ್ನದ ಭಾಗ ಎಷ್ಟು ಅಲ್ಪವೆಂಬುದನ್ನು ನೋಡಿದರೆ, ನೋಟನ್ನು ಹೊತ್ತು ನಿಂತಿರುವುದು ಚಿನ್ನವಲ್ಲ, ಒಂದು ಇಡೀ ರಾಜ್ಯವ್ಯವಸ್ಥೆಯೆಂಬುದು ಸ್ಪಷ್ಟವಾದೀತು.

ಕೆಲವು ತಿಂಗಳ ಕೆಳಗೆ ಬ್ಯಾಂಕೊಂದರಲ್ಲಿ ನನ್ನ ಸರದಿಗಾಗಿ ಕಾದು ನಿಂತಿದ್ದಾಗ ಕಂಡ ಸಂಗತಿಯೊಂದನ್ನು ಇಲ್ಲಿ ಹೇಳಬೇಕು. ನನ್ನ ಮುಂದೆ ಇದ್ದವರು ಸೊಪ್ಪು ಮಾರುವ ಮುದುಕಿ. ಸೊಪ್ಪಿನ ಬುಟ್ಟಿಯ ತೇವದಲ್ಲಿ ನೆನೆದು, ಮಡಿಕೆಯ ಗುಂಟ ಎರಡಾಗಿ ಹರಿದ ನೋಟೊಂದನ್ನು ಆಕೆ ಸೆರಗಿನ ಗಂಟಿನಿಂದ ಬಿಚ್ಚಿ, ಅಳುಕುತ್ತ ಕಿಂಡಿಯೊಳಗೆ ಚಾಚಿದರು. ‘ಇದು ನಡೀತದೇನಪ್ಪಾ?’ ಎಂದರು. ಒಳಗಿದ್ದ ತರುಣ ನಗದು ಗುಮಾಸ್ತ ಎರಡು ಚೂರುಗಳನ್ನೂ ಮೇಜಿನ ಮೇಲೆ ಕೂಡಿಸಿಟ್ಟು, ಎರಡೂ ಕಡೆಯ ಸಂಖ್ಯೆ ಒಂದೇ ಎಂಬುದನ್ನು ನೋಡಿ, ‘ನಡೀತದೆ ಅಜ್ಜಿ’ ಎಂದು ಹೊಸ ನೋಟೊಂದನ್ನು ಕೊಟ್ಟನು. ಆಕೆಯ ಹೆಸರನ್ನು ಕೇಳಲಿಲ್ಲ, ಆ ನೋಟು ಎಲ್ಲಿಂದ ಬಂತೆಂದು ವಿಚಾರಿಸಲಿಲ್ಲ. ಆಕೆ ಧಾರಕಳು, ಅಷ್ಟೇ ಸಾಕಾಗಿತ್ತು. ಗವರ್ನರರ ಸಹಿಯ ವಚನ ಹೀಗೆ ಸೊಪ್ಪಿನ ಬುಟ್ಟಿಯವರೆಗೂ ಬಂದು ಮುಟ್ಟಿದುದನ್ನು ಕಂಡು ನನ್ನ ಮನಸ್ಸು ತುಂಬಿ ಬಂದಿತು.

ಇನ್ನು ಸ್ಥಿರನಾಣ್ಯದ ಕಡೆಗೆ ಬರೋಣ. 2009ರಲ್ಲಿ ಬಿಟ್‌ಕಾಯಿನ್ ಎಂಬ ಗಣಕನಾಣ್ಯ ಹುಟ್ಟಿತು. ಯಾವ ಸರ್ಕಾರದ, ಯಾವ ಬ್ಯಾಂಕಿನ ಹಂಗೂ ಇಲ್ಲದೆ, ಬ್ಲಾಕ್‌ಚೈನ್ ಎಂಬ ಸಾಮೂಹಿಕ ಲೆಕ್ಕದ ಪುಸ್ತಕದಲ್ಲಿ ಒಬ್ಬನಿಂದ ಒಬ್ಬನಿಗೆ ಸಾಗುವ ನಾಣ್ಯವದು. ಅದರ ಯಂತ್ರಚಾತುರ್ಯ ಅದ್ಭುತವಾದುದು. ಆದರೆ ಅದರ ಬೆಲೆ ಬೆಳಗಿಗೊಂದು, ಸಂಜೆಗೊಂದು. ಇಂದು ಹತ್ತು ಸೇರು ಅಕ್ಕಿ ಕೊಂಡ ಹಣ ನಾಳೆ ಆರು ಸೇರಿಗೂ ಸಾಲದೆಂದಾದರೆ, ಅಂತಹ ಹಣದಲ್ಲಿ ಬೆಲೆ ಕಟ್ಟುವವರಾರು, ಸಂಬಳ ಗೊತ್ತುಮಾಡುವವರಾರು? ಈ ಕೊರತೆಯನ್ನು ನೀಗುವುದಕ್ಕಾಗಿ, ಬ್ಲಾಕ್‌ಚೈನಿನ ವೇಗವನ್ನು ಉಳಿಸಿಕೊಂಡು ಡಾಲರಿನ ಸ್ಥಿರತೆಯನ್ನು ಅದಕ್ಕೆ ಕೂಡಿಸುವ ಉಪಾಯವನ್ನು ಕೆಲವರು ಕಂಡುಕೊಂಡರು. 2014ರಲ್ಲಿ ಟೆದರ್ ಎಂಬ ನಾಣ್ಯವೂ, 2018ರಲ್ಲಿ ಸರ್ಕಲ್ ಎಂಬ ಅಮೆರಿಕದ ಕಂಪನಿ ಹೊರಡಿಸಿದ ಯುಎಸ್‌ಡಿ ಕಾಯಿನ್ ಎಂಬುದೂ ಬಂದವು. ಇಂದಿಗೂ ಇವೆರಡೇ ಈ ಬಳಗದಲ್ಲಿ ಹಿರಿಯವು.

ಅವುಗಳ ಕ್ರಮ ಮೇಲುನೋಟಕ್ಕೆ ಸರಳವಾದುದು. ನೀವು ಕಂಪನಿಗೆ ಒಂದು ಡಾಲರನ್ನು ಕೊಟ್ಟರೆ ಅದು ಬ್ಲಾಕ್‌ಚೈನಿನ ಮೇಲೆ ಒಂದು ಟೋಕನ್ನನ್ನು ನಿಮ್ಮ ಹೆಸರಿಗೆ ಹುಟ್ಟಿಸುತ್ತದೆ. ನಿಮ್ಮ ಡಾಲರನ್ನು ಬ್ಯಾಂಕಿನ ಠೇವಣಿಯಲ್ಲಿಯೋ ಅಮೆರಿಕ ಸರ್ಕಾರದ ಖಜಾನೆ ಹುಂಡಿಗಳಲ್ಲಿಯೋ ತೊಡಗಿಸಿಡುತ್ತದೆ. ಟೋಕನ್ನನ್ನು ಮರಳಿಸಿದ ದಿನ ಡಾಲರನ್ನು ಹಿಂದಕ್ಕೆ ಕೊಟ್ಟು ಟೋಕನ್ನನ್ನು ಅಳಿಸಿಹಾಕುತ್ತದೆ. ಅಂಗಡಿಯ ಸಾಹುಕಾರನಲ್ಲಿ ಹಣವನ್ನಿಟ್ಟು ಚೀಟಿ ಬರೆಸಿಕೊಂಡು ಬಂದಂತೆ. ಆ ಚೀಟಿ ಊರಲ್ಲೆಲ್ಲ ಕೈಯಿಂದ ಕೈಗೆ ನಡೆಯಬಹುದು; ಅದರಿಂದ ಅನುಕೂಲವೂ ಆಗಬಹುದು. ಆದರೆ ಅದು ಹಣವಲ್ಲ, ಹಣ ಕೊಡುವೆನೆಂಬ ಮಾತು. ಸರ್ಕಾರದ ನೋಟೂ ಒಂದು ಮಾತೇ ಅಲ್ಲವೆ ಎಂದರೆ, ಹೌದು, ಅದೂ ಒಂದು ಮಾತೇ. ಆದರೆ ಸ್ಥಿರನಾಣ್ಯವು ಆ ಮಾತನ್ನು ಕುರಿತು ಇನ್ನೊಬ್ಬನು ಆಡಿದ ಮಾತು. ಮೊದಲನೆಯದು ಕುಂದಿದರೆ ಎರಡನೆಯದು ಕುಂದಲೇಬೇಕು. ಮೊದಲನೆಯದು ಗಟ್ಟಿಯಾಗಿದ್ದರೂ ಎರಡನೆಯದು ಕುಂದಬಹುದು.

ಕುಂದಬಹುದೆಂಬುದು ಬರಿಯ ಊಹೆಯಲ್ಲ. 2023ರ ಮಾರ್ಚ್ ತಿಂಗಳ ಹತ್ತನೆಯ ತಾರೀಖು ಶುಕ್ರವಾರ, ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಸಿಲಿಕಾನ್ ವ್ಯಾಲಿ ಬ್ಯಾಂಕು ಮುರಿದುಬಿದ್ದಿತು. ಯುಎಸ್‌ಡಿ ಕಾಯಿನ್ನಿನ ಹಿಂದಿದ್ದ ಸುಮಾರು 4,000 ಕೋಟಿ ಡಾಲರುಗಳ ಮೀಸಲಿನಲ್ಲಿ 330 ಕೋಟಿ ಡಾಲರುಗಳು ಆ ಬ್ಯಾಂಕಿನಲ್ಲಿ ಸಿಕ್ಕಿಬಿದ್ದಿವೆಯೆಂದು ಆ ರಾತ್ರಿ ಕಂಪನಿಯೇ ಪ್ರಕಟಿಸಿತು. ಅಂದರೆ ನೂರಕ್ಕೆ ಎಂಟು ಪಾಲು ಮಾತ್ರ; ಉಳಿದ ತೊಂಬತ್ತೆರಡು ಪಾಲು ಸುರಕ್ಷಿತವಾಗಿಯೇ ಇತ್ತು. ಆದರೂ ಶನಿವಾರದ ದಿನ ಆ ನಾಣ್ಯವನ್ನು ಹಿಡಿದಿದ್ದವರು ಕೈಬಿಡಲು ಮುಗಿಬಿದ್ದರು. ವಾರಾಂತ್ಯವಾದುದರಿಂದ ಬ್ಯಾಂಕುಗಳು ಮುಚ್ಚಿದ್ದವು. ಡಾಲರಿಗೆ ಬದಲಾಯಿಸಿಕೊಳ್ಳುವ ದಾರಿ ಇರಲಿಲ್ಲ. ಬ್ಲಾಕ್‌ಚೈನಿನ ಪೇಟೆ ಮಾತ್ರ ಹಗಲಿರುಳೂ ತೆರೆದಿತ್ತು. ಒಂದು ಡಾಲರಿಗೆ ಸದಾ ಸಮನಾಗಿರಬೇಕಾದ ನಾಣ್ಯ ಎಂಬತ್ತೆಂಟು ಸೆಂಟುಗಳಿಗಿಂತಲೂ ಕೆಳಗೆ ಜಾರಿತು. ಶತಮಾನಗಳ ಹಿಂದೆ ಚಿನಿವಾರನು ಸವೆದ ನಾಣ್ಯಕ್ಕೆ ಮುರಿದುಕೊಳ್ಳುತ್ತಿದ್ದ ವಟ್ಟವೇ ಇಲ್ಲಿ ಹೊಸ ರೂಪದಲ್ಲಿ ಹಿಂದಿರುಗಿ ಬಂದಿತ್ತು.

ಜಾರಿದ ಆ ನಾಣ್ಯವನ್ನು ಎತ್ತಿ ನಿಲ್ಲಿಸಿದವರು ಯಾರು? ಭಾನುವಾರ ಸಂಜೆ ಅಮೆರಿಕದ ಹಣಕಾಸು ಇಲಾಖೆ, ಫೆಡರಲ್ ರಿಸರ್ವ್ ಎಂಬ ಅಲ್ಲಿನ ಕೇಂದ್ರೀಯ ಬ್ಯಾಂಕು, ಠೇವಣಿ ವಿಮಾ ನಿಗಮ, ಈ ಮೂರೂ ಕೂಡಿ ಹೇಳಿಕೆಯೊಂದನ್ನು ಹೊರಡಿಸಿದವು. ಎರಡೂವರೆ ಲಕ್ಷ ಡಾಲರುಗಳ ವಿಮಾ ಮಿತಿಯನ್ನು ಮೀರಿದ ಠೇವಣಿದಾರರಿಗೂ ಪೂರ್ತಿ ಹಣ ಸಲ್ಲುವುದೆಂದು ಆ ಹೇಳಿಕೆ ಸಾರಿತು. ಸೋಮವಾರ ಆ ನಾಣ್ಯ ತನ್ನ ಡಾಲರಿನ ಮಟ್ಟಕ್ಕೆ ಮರಳಿತು. ಸರ್ಕಾರದ ಹಂಗಿಲ್ಲದೆ ನಡೆಯಬೇಕೆಂಬ ಹಂಬಲದಿಂದ ಹುಟ್ಟಿದ ಗಣಕನಾಣ್ಯಗಳ ವಂಶದ ಕುಡಿಯೊಂದು ಕೊನೆಗೆ ಉಳಿದುಕೊಂಡದ್ದು ಸರ್ಕಾರದ ಒಂದು ಮಾತಿನಿಂದ. ಸ್ಥಿರನಾಣ್ಯದ ಸ್ಥಿರತೆ ಅದರ ಸ್ವಂತದ್ದಲ್ಲ, ಎರವಲು ತಂದುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಾಗಿಲ್ಲ.

ಆ ಎರವಲೂ ಇಲ್ಲದೆ, ಬರಿಯ ಲೆಕ್ಕಾಚಾರದ ಸೂತ್ರದಿಂದಲೇ ಸ್ಥಿರತೆಯನ್ನು ಸೃಷ್ಟಿಸಲು ಹೊರಟವರೂ ಇದ್ದರು. ಟೆರಾ ಎಂಬ ಹೆಸರಿನ ನಾಣ್ಯದ ಹಿಂದೆ ಡಾಲರುಗಳ ಮೀಸಲಿರಲಿಲ್ಲ. ಲೂನಾ ಎಂಬ ಅದರ ಒಡಹುಟ್ಟಿದ ಇನ್ನೊಂದು ಗಣಕನಾಣ್ಯಕ್ಕೆ ಅದನ್ನು ಬದಲಾಯಿಸಿಕೊಳ್ಳಬಹುದೆಂಬ ಏರ್ಪಾಡು ಮಾತ್ರ ಇತ್ತು. ಅದನ್ನು ಠೇವಣಿಯಿಟ್ಟವರಿಗೆ ನೂರಕ್ಕೆ ಇಪ್ಪತ್ತರ ಸಮೀಪದ ಬಡ್ಡಿಯ ಆಸೆಯನ್ನೂ ತೋರಿಸಲಾಗಿತ್ತು. 2022ರ ಮೇ ತಿಂಗಳಲ್ಲಿ ಜನರ ನಂಬಿಕೆ ಸಡಿಲಿದೊಡನೆ, ಎರಡು ನಾಣ್ಯಗಳೂ ಒಂದನ್ನೊಂದು ಎಳೆದುಕೊಂಡು, ಬಾವಿಗೆ ಬಿದ್ದವನು ಎತ್ತಲು ಬಂದವನನ್ನೂ ಎಳೆದುಕೊಂಡಂತೆ, ಒಂದು ವಾರದೊಳಗೆ ಬಿದ್ದುಹೋದವು. ಸುಮಾರು 4,000 ಕೋಟಿ ಡಾಲರುಗಳ ಬೆಲೆ ಆವಿಯಾಗಿ ಹೋಯಿತು. ಅದರಲ್ಲಿ ಎಷ್ಟೋ ಜನರ ಜೀವಮಾನದ ಉಳಿತಾಯವೂ ಸೇರಿತ್ತೆಂಬುದನ್ನು ನೆನೆದಾಗ ಸಂಕಟವಾಗುತ್ತದೆ. ಸ್ಥಿರವೆಂಬ ಹೆಸರನ್ನು ಇಟ್ಟ ಮಾತ್ರಕ್ಕೆ ವಸ್ತು ಸ್ಥಿರವಾಗದು.

ಮೀಸಲಿದೆಯೆಂಬ ಮಾತೂ ಪರೀಕ್ಷೆಗೆ ಅತೀತವಲ್ಲ. ತನ್ನ ಪ್ರತಿಯೊಂದು ನಾಣ್ಯದ ಹಿಂದೆಯೂ ಪೂರ್ಣ ಡಾಲರು ಇದೆಯೆಂದು ಸಾರಿಕೊಂಡಿದ್ದ ಟೆದರ್ ಕಂಪನಿ, 2016ರಿಂದ 2018ರವರೆಗೆ ಪರಿಶೀಲಿಸಿದ ಇಪ್ಪತ್ತಾರು ತಿಂಗಳ ಅವಧಿಯಲ್ಲಿ, ನೂರರಲ್ಲಿ ಇಪ್ಪತ್ತೆಂಟು ದಿನವೂ ಆ ಮಾತನ್ನು ಪೂರ್ಣವಾಗಿ ಉಳಿಸಿಕೊಂಡಿರಲಿಲ್ಲವೆಂದು ಅಮೆರಿಕದ ಸರಕು ವಾಯಿದೆ ವ್ಯಾಪಾರದ ನಿಯಂತ್ರಣ ಆಯೋಗ 2021ರಲ್ಲಿ ನಿರ್ಣಯಿಸಿ 4.1 ಕೋಟಿ ಡಾಲರುಗಳ ದಂಡವನ್ನು ವಿಧಿಸಿತು. ನ್ಯಾಯವಾಗಿ ಹೇಳುವುದಾದರೆ ಆ ಕಂಪನಿ ಅನಂತರ ಬಹುವಾಗಿ ಬೆಳೆದಿದೆ. ಇಂದು ಅದರ ಮೀಸಲಿನ ದೊಡ್ಡ ಪಾಲು ಅಮೆರಿಕದ ಖಜಾನೆ ಹುಂಡಿಗಳಲ್ಲಿದೆ. ಆದರೂ ಅದರ ನಾಣ್ಯವನ್ನು ನೇರವಾಗಿ ಕಂಪನಿಗೆ ಮರಳಿಸಿ ಡಾಲರನ್ನು ಪಡೆಯಬೇಕೆಂದರೆ, ನೀವು ಅದರ ಪರಿಶೀಲನೆಗೆ ಒಳಪಟ್ಟ ಗಿರಾಕಿಯಾಗಿರಬೇಕು. ಮೇಲಾಗಿ, ಒಂದು ಸಲಕ್ಕೆ ಒಂದು ಲಕ್ಷ ಡಾಲರುಗಳಿಗೆ ಕಡಿಮೆಯಿರಬಾರದು. ಉಳಿದವರು ಪೇಟೆಯಲ್ಲಿ ಸಿಕ್ಕಿದ ಬೆಲೆಗೆ ಮಾರಿಕೊಳ್ಳಬೇಕು. ಸೆರಗಿನ ಗಂಟಿನಲ್ಲಿ ಹರಿದ ನೋಟನ್ನು ತಂದ ಆ ಸೊಪ್ಪಿನ ಅಜ್ಜಿಯನ್ನು ಈ ನಿಯಮದ ಮುಂದೆ ನಿಲ್ಲಿಸಿ ನೋಡಿರಿ. ಒಂದು ವಚನ ಧಾರಕನಿಗೆ ಕೊಟ್ಟುದು. ಇನ್ನೊಂದು ಗಿರಾಕಿಗೆ ಕೊಟ್ಟುದು.

ಲಾಭದ ಹಾದಿಯಲ್ಲಿಯೂ ಇದೇ ಭೇದ ಕಾಣುತ್ತದೆ. ನಾಣ್ಯವನ್ನು ಹೊರಡಿಸುವವನಿಗೆ ಯಾವ ಕಾಲದಲ್ಲಿಯೂ ಲಾಭವುಂಟು. ಏಕೆಂದರೆ ಜನರ ಕೈಯಲ್ಲಿ ಬಡ್ಡಿಯಿಲ್ಲದ ಚೀಟಿ ಇರುತ್ತದೆ, ಅದಕ್ಕೆ ಬದಲಾಗಿ ಪಡೆದ ಆಸ್ತಿಯ ಮೇಲೆ ಅವನಿಗೆ ಬಡ್ಡಿ ಬರುತ್ತಿರುತ್ತದೆ. ನಮ್ಮ ರಿಸರ್ವ್ ಬ್ಯಾಂಕು ತನ್ನ ಎಲ್ಲ ವ್ಯವಹಾರಗಳಿಂದ ಬಂದ ಆದಾಯದಲ್ಲಿ ಖರ್ಚನ್ನೂ ಆಪದ್ಧನವನ್ನೂ ಕಳೆದು ಮಿಕ್ಕುದನ್ನು ಕೇಂದ್ರ ಸರ್ಕಾರಕ್ಕೆ ಒಪ್ಪಿಸಬೇಕೆಂಬುದು ಶಾಸನ. 2024–25ರ ಸಾಲಿಗೆ ಹಾಗೆ ಒಪ್ಪಿಸಿದ ಮೊತ್ತ 2,68,590 ಕೋಟಿ ರೂಪಾಯಿ. ಅದು ರಸ್ತೆಗೋ ಶಾಲೆಗೋ ಸೈನ್ಯಕ್ಕೋ ವಿನಿಯೋಗವಾಗಿ ನಮ್ಮೆಲ್ಲರ ಲೆಕ್ಕಕ್ಕೇ ಸೇರುತ್ತದೆ. ಸ್ಥಿರನಾಣ್ಯದ ಮೀಸಲಿನ ಮೇಲೆ ಬರುವ ಬಡ್ಡಿಯಾದರೋ ಅದನ್ನು ಹೊರಡಿಸಿದ ಕಂಪನಿಗೂ ಅದರ ಪಾಲುದಾರರಿಗೂ ಸಲ್ಲತಕ್ಕದ್ದು.

ಖಾಸಗಿ ನಾಣ್ಯಗಳ ಕಾಲವನ್ನು ಚರಿತ್ರೆ ಹಿಂದೆಯೂ ಕಂಡಿದೆ. 1837ರಿಂದ 1863ರವರೆಗೆ ಅಮೆರಿಕದಲ್ಲಿ ಆಯಾ ಸಂಸ್ಥಾನದ ಪರವಾನಗಿ ಪಡೆದ ಬ್ಯಾಂಕುಗಳು ತಂತಮ್ಮ ನೋಟುಗಳನ್ನು ಹೊರಡಿಸುತ್ತಿದ್ದವು. ಸಾವಿರಾರು ಬಗೆಯ ನೋಟುಗಳು ಒಂದೇ ಪೇಟೆಯಲ್ಲಿ ನಡೆಯುತ್ತಿದ್ದವು. ಯಾವ ಬ್ಯಾಂಕಿನ ನೋಟಿಗೆ ಎಷ್ಟು ವಟ್ಟ, ಯಾವುದು ದಿವಾಳಿಯಾಗಿದೆ, ಯಾವುದು ಖೋಟಾ ಎಂಬುದನ್ನು ತಿಳಿಸುವುದಕ್ಕಾಗಿಯೇ ಪತ್ರಿಕೆಗಳು ಹೊರಡುತ್ತಿದ್ದವು. ಅಂಗಡಿಯವನು ಗಿರಾಕಿ ಕೊಟ್ಟ ನೋಟನ್ನು ಎತ್ತಿಕೊಂಡು, ಪತ್ರಿಕೆಯನ್ನು ತಿರುವಿ, ಅನಂತರ ಸರಕನ್ನು ಕೊಡಬೇಕಾಗಿತ್ತು. 1863ರ ರಾಷ್ಟ್ರೀಯ ಬ್ಯಾಂಕು ಕಾಯಿದೆಯೂ, ಅನಂತರ ಸಂಸ್ಥಾನಗಳ ಬ್ಯಾಂಕುಗಳ ನೋಟಿನ ಮೇಲೆ ಹಾಕಿದ ನೂರಕ್ಕೆ ಹತ್ತರ ತೆರಿಗೆಯೂ ಆ ಗೊಂದಲಕ್ಕೆ ಕೊನೆಯನ್ನು ತಂದವು. ಸರ್ಕಾರದ ಹಣದ ದೊಡ್ಡ ಗುಣವೊಂದು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ: ಬೀದರಿನಲ್ಲಿ ಪಡೆದ ನೂರು ರೂಪಾಯಿಯೂ ಮಂಗಳೂರಿನಲ್ಲಿ ಕೊಡುವ ನೂರು ರೂಪಾಯಿಯೂ ಒಂದೇ, ಅದರ ಬಗ್ಗೆ ವಿಚಾರಿಸಬೇಕಾದ ಅಗತ್ಯವೇ ಇಲ್ಲ. ಗಾಳಿಯಂತೆ ಅದು ಇದ್ದೇ ಇರುವುದರಿಂದ ಅದರ ಬೆಲೆ ನಮಗೆ ತಿಳಿಯದು.

ಹಾಗೆಂದು ಸ್ಥಿರನಾಣ್ಯದಲ್ಲಿ ಹುರುಳೇ ಇಲ್ಲವೆಂದರೆ ಅನ್ಯಾಯವಾದೀತು. ಕರಾವಳಿಯ ಎಷ್ಟೋ ಮನೆಗಳ ಒಲೆ ಉರಿಯುವುದು ಕೊಲ್ಲಿ ರಾಷ್ಟ್ರಗಳಿಂದ ಬರುವ ಹಣದಿಂದ. ದೇಶದಿಂದ ದೇಶಕ್ಕೆ ಇನ್ನೂರು ಡಾಲರುಗಳನ್ನು ಕಳುಹಿಸಲು ಪ್ರಪಂಚದಲ್ಲಿ ಸರಾಸರಿ ನೂರಕ್ಕೆ ಆರಕ್ಕಿಂತ ಹೆಚ್ಚು ವೆಚ್ಚ ಬೀಳುತ್ತದೆಂದು ವಿಶ್ವಬ್ಯಾಂಕಿನ ಲೆಕ್ಕ ಹೇಳುತ್ತದೆ. ಅದನ್ನು ಮೂರಕ್ಕೆ ಇಳಿಸಬೇಕೆಂಬುದು ವಿಶ್ವಸಂಸ್ಥೆಯ ಗುರಿ. ಬಿಸಿಲಿನಲ್ಲಿ ದುಡಿದವನ ಬೆವರಿನಲ್ಲಿ ನಡುವಿನವರ ಪಾಲು ಇಷ್ಟಾಗಬಾರದು. ಬ್ಲಾಕ್‌ಚೈನಿನ ಮೇಲೆ ಟೋಕನ್ ನಡುರಾತ್ರಿಯಲ್ಲಿಯೂ ರಜಾದಿನದಲ್ಲಿಯೂ ನಿಮಿಷಗಳಲ್ಲಿ ಕಡಲು ದಾಟುತ್ತದೆ ಎಂಬುದು ಸುಳ್ಳಲ್ಲ. ಸರ್ಕಾರಗಳೂ ತಮ್ಮ ವಚನವನ್ನು ಸದಾ ಪಾಲಿಸಿಲ್ಲ. 1923ರ ನವೆಂಬರಿನಲ್ಲಿ ಜರ್ಮನಿಯಲ್ಲಿ ಒಂದು ಡಾಲರಿಗೆ 4,20,000 ಕೋಟಿ ಮಾರ್ಕುಗಳಾಗಿದ್ದವು. 2023ರಲ್ಲಿ ಅರ್ಜೆಂಟೀನದ ಬೆಲೆಯೇರಿಕೆ ವರ್ಷಕ್ಕೆ ನೂರಕ್ಕೆ ಇನ್ನೂರನ್ನೂ ದಾಟಿತು. ತನ್ನ ದೇಶದ ನೋಟು ಕೈಯಲ್ಲಿಯೇ ಕರಗುತ್ತಿರುವುದನ್ನು ಕಂಡ ಅಲ್ಲಿನ ಸಂಸಾರಸ್ಥನು ಡಾಲರಿನ ನೆರಳಾದ ಟೋಕನ್ನನ್ನು ಆಶ್ರಯಿಸಿದರೆ ಅವನನ್ನು ದೂಷಿಸಲಾದೀತೆ? ನಮ್ಮಲ್ಲಿಯೂ 2016ರ ನವೆಂಬರ್ ಎಂಟರ ರಾತ್ರಿ ಐನೂರು, ಸಾವಿರ ರೂಪಾಯಿಗಳ ನೋಟುಗಳ ಚಲಾವಣೆ ರದ್ದಾದಾಗ ಬ್ಯಾಂಕುಗಳ ಮುಂದೆ ನಿಂತ ಸಾಲುಗಳನ್ನು ಯಾರೂ ಮರೆತಿಲ್ಲ. ಆದರೆ ಇಲ್ಲೊಂದು ವ್ಯತ್ಯಾಸವುಂಟು. ಸರ್ಕಾರ ತಪ್ಪಿದರೆ ಅದನ್ನು ಪ್ರಶ್ನಿಸಲು ಲೋಕಸಭೆಯುಂಟು, ನ್ಯಾಯಾಲಯವುಂಟು, ಮತಪೆಟ್ಟಿಗೆಯುಂಟು. ದೂರದೇಶದ ಕಂಪನಿಯೊಂದು ತಪ್ಪಿದರೆ ಅದರ ಆಡಳಿತ ಮಂಡಳಿಗೆ ನಾವು ಮತದಾರರಲ್ಲ.

ಈ ಕಾರಣದಿಂದಲೇ ಹಲವು ದೇಶಗಳು ಈಗ ಬೇಲಿ ಕಟ್ಟತೊಡಗಿವೆ. ಯೂರೋಪಿನ ಒಕ್ಕೂಟದ ನಿಯಮಗಳು ಸ್ಥಿರನಾಣ್ಯಗಳಿಗೆ 2024ರ ಜೂನ್ ಕೊನೆಯಿಂದ ಅನ್ವಯವಾದವು. ಅಮೆರಿಕದಲ್ಲಿ 2025ರ ಜುಲೈ 18ರಂದು ಅಂಕಿತವಾದ ಜೀನಿಯಸ್ ಕಾಯಿದೆ, ನಾಣ್ಯವೊಂದಕ್ಕೆ ಡಾಲರೊಂದರಂತೆ ನಗದನ್ನೋ ಅಲ್ಪಾವಧಿಯ ಖಜಾನೆ ಹುಂಡಿಗಳನ್ನೋ ಇಟ್ಟಿರಬೇಕೆಂದೂ, ತಿಂಗಳಿಗೊಮ್ಮೆ ಲೆಕ್ಕವನ್ನು ಪ್ರಕಟಿಸಬೇಕೆಂದೂ, ಹೊರಡಿಸಿದ ಕಂಪನಿಯು ಬಡ್ಡಿ ಕೊಡಕೂಡದೆಂದೂ, ತನ್ನ ನಾಣ್ಯಕ್ಕೆ ಸರ್ಕಾರದ ಖಾತರಿಯಿದೆಯೆಂದು ಹೇಳಿಕೊಳ್ಳಕೂಡದೆಂದೂ ವಿಧಿಸಿದೆ. ಇದರಿಂದ ಚೀಟಿ ಇನ್ನಷ್ಟು ಗಟ್ಟಿಯಾದೀತು. ಆದರೂ ಅದು ಚೀಟಿಯಾಗಿಯೇ ಉಳಿಯುವುದು.

ಭಾರತದ ಮಟ್ಟಿಗೆ ಒಂದು ವಿಶೇಷವನ್ನು ಗಮನಿಸಬೇಕು. ಧಾರಕನು ಕೇಳಿದೊಡನೆ ಹಣ ಸಲ್ಲಿಸುವೆನೆಂಬ ಹುಂಡಿಯನ್ನಾಗಲಿ ವಚನಪತ್ರವನ್ನಾಗಲಿ ರಿಸರ್ವ್ ಬ್ಯಾಂಕೂ ಕೇಂದ್ರ ಸರ್ಕಾರವೂ ಹೊರತು ಮತ್ತಾರೂ ಬರೆದುಕೊಡಕೂಡದೆಂದು 1934ರ ರಿಸರ್ವ್ ಬ್ಯಾಂಕ್ ಕಾಯಿದೆಯ 31ನೆಯ ಪ್ರಕರಣ ಅಂದೇ ನಿಷೇಧಿಸಿತ್ತು. ಕಂಪ್ಯೂಟರಿನ ಕನಸೂ ಇಲ್ಲದಿದ್ದ ಕಾಲದಲ್ಲಿ ನಮ್ಮ ಶಾಸನಕರ್ತರು ಈ ವಚನದ ಬೆಲೆಯನ್ನು ಎಷ್ಟು ಆಳವಾಗಿ ಅರಿತಿದ್ದರೆಂದು ಆಶ್ಚರ್ಯವಾಗುತ್ತದೆ. ಸ್ಥಿರನಾಣ್ಯಗಳು ನಮ್ಮಲ್ಲಿ ಕಾನೂನುಬದ್ಧ ಚಲಾವಣೆಯ ಹಣವಲ್ಲ. ಉಳಿದ ಗಣಕನಾಣ್ಯಗಳಂತೆ ಅವುಗಳ ವರ್ಗಾವಣೆಯಿಂದ ಬಂದ ಲಾಭದ ಮೇಲೂ 2022ರ ಏಪ್ರಿಲ್ ಒಂದರಿಂದ ನೂರಕ್ಕೆ ಮೂವತ್ತರ ತೆರಿಗೆಯಿದೆ. ಅದೇ ವರ್ಷದ ಡಿಸೆಂಬರ್ ಒಂದರಂದು ರಿಸರ್ವ್ ಬ್ಯಾಂಕು ತನ್ನದೇ ಗಣಕರೂಪದ ರೂಪಾಯಿಯನ್ನು ಸಾರ್ವಜನಿಕರಿಗಾಗಿ ಪ್ರಾಯೋಗಿಕವಾಗಿ ತಂದಿತು. ಮೊದಲ ನಾಲ್ಕು ನಗರಗಳಲ್ಲಿ ನಮ್ಮ ಬೆಂಗಳೂರೂ ಒಂದು. ಅದು ಕಾಗದವಿಲ್ಲದ ನೋಟು, ಆದರೆ ಅದರ ಹಿಂದಿರುವ ವಚನ ಇದೇ. ಯಂತ್ರ ಹೊಸದಾದ ಮಾತ್ರಕ್ಕೆ ವಚನವನ್ನು ಪರರ ಕೈಗೆ ಒಪ್ಪಿಸಬೇಕಾಗಿಲ್ಲವೆಂಬುದನ್ನು ಈ ಪ್ರಯೋಗ ತೋರಿಸುತ್ತದೆ. ಪ್ರಪಂಚದ ಸ್ಥಿರನಾಣ್ಯಗಳಲ್ಲಿ ಬಹುತೇಕ ಎಲ್ಲವೂ ಡಾಲರಿಗೆ ಕಟ್ಟಿದವುಗಳೇ ಆದುದರಿಂದ, ಅವು ನಮ್ಮ ಪೇಟೆಗಳಲ್ಲಿ ಬೇರೂರಿದರೆ, ನಮ್ಮ ಬೆಲೆಗಳನ್ನೂ ಬಡ್ಡಿಯನ್ನೂ ನಿರ್ಧರಿಸುವ ಶಕ್ತಿ ಮುಂಬಯಿಯಿಂದ ಕ್ರಮೇಣ ಕಡಲಾಚೆಗೆ ಸರಿದುಹೋದೀತೆಂಬ ಭಯ ನಿರಾಧಾರವಲ್ಲ.

ನನ್ನ ಸಮಯ ಮುಗಿಯುತ್ತ ಬಂದಿತು. ತರುಣ ಶ್ರೋತೃಗಳಲ್ಲಿ ನನ್ನ ವಿಜ್ಞಾಪನೆ ಇಷ್ಟೇ. ಹೊಸದೆಂದು ಯಾವುದನ್ನೂ ತುಚ್ಛವಾಗಿ ಕಾಣಬೇಡಿರಿ; ವೇಗವಾದುದೆಂದು ಯಾವುದಕ್ಕೂ ಮರುಳಾಗಬೇಡಿರಿ. ನಾಳೆ ಯಾರಾದರೂ ನಿಮ್ಮ ಮುಂದೆ ಯಾವುದೇ ಹೆಸರಿನ ನಾಣ್ಯವನ್ನು ಇಟ್ಟಾಗ ಅದರ ಹೊಳಪನ್ನು ನೋಡುವ ಮೊದಲು ಎರಡು ಪ್ರಶ್ನೆಗಳನ್ನು ಕೇಳಿರಿ: ಈ ವಚನವನ್ನು ಕೊಟ್ಟವರಾರು? ಇದನ್ನು ಹಿಡಿದವನು ಯಾರೇ ಆಗಿರಲಿ, ಹೆಸರು ಕೇಳದೆ, ಮೊತ್ತ ನೋಡದೆ, ಕೆಟ್ಟ ದಿನದಲ್ಲಿಯೂ ಅವನಿಗೆ ಪೂರ್ತಿ ಬೆಲೆಯನ್ನು ಸಲ್ಲಿಸುವರೆ? ಇವಕ್ಕೆ ನೆಟ್ಟಗೆ ಉತ್ತರ ದೊರೆಯುವವರೆಗೆ ಅದನ್ನು ಚೀಟಿಯೆಂದೇ ಎಣಿಸಿರಿ, ಹಣವೆಂದು ಎಣಿಸಬೇಡಿರಿ. ಈಗ ಆ ನೂರು ರೂಪಾಯಿಯ ನೋಟನ್ನು ಮಡಿಸಿ ಒಳಗಿಡಬಹುದು.